ವೀಲ್‌ಚೇರ್ ಕೊಳ್ಳುವ ಮುಂಚೆ ಒಂದು ಮನೆ ನೋಡಿ: ಹಿರಿಯರ ಆರೋಗ್ಯಕ್ಕೆ ದುಡ್ಡು ಕೊಡುವ ಬಗೆ

ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಿವೃತ್ತಿ ಆದಮೇಲೆ ತಿಪಟೂರು ಕಡೆಯ ಹಳ್ಳಿಗಳಲ್ಲಿ ಒಂದು ಸಣ್ಣ ಟ್ರಸ್ಟ್ ಜೊತೆ ಕೆಲಸ ಮಾಡುತ್ತಿದ್ದೇನೆ. ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗುತ್ತೇವೆ. ಬಿಪಿ ನೋಡುತ್ತೇವೆ, ಹುಣ್ಣು ತೊಳೆಯುತ್ತೇವೆ, ಯೂರಿನ್ ಪೈಪ್ ಬದಲಾಯಿಸುತ್ತೇವೆ. ದಾನ ಕೊಡುವವರು ಫೋನ್ ಮಾಡಿದರೆ ಮಾತಾಡುವುದೂ ನಾನೇ. ಹೆಚ್ಚಿನವರು ಹೇಳುವುದು ಹೀಗೆ: "ಸಿಸ್ಟರ್, ಅಪ್ಪನ ವರ್ಷದ ತಿಥಿ ಬಂತು. ಒಂದು ಲಕ್ಷ ತೆಗೆದಿಟ್ಟಿದ್ದೀವಿ. ಯಾರಿಗಾದ್ರೂ ವೀಲ್‌ಚೇರ್ ಕೊಡಿಸೋಣ ಅಂತ."

ಒಳ್ಳೆಯ ಮನಸ್ಸಿನಿಂದ ಬಂದ ಮಾತು. ನಾನು ಕೇಳುವುದು ಒಂದೇ: "ಯಾರ ಮನೆಗೆ ಅಂತ ನೋಡಿದ್ದೀರಾ ಸಾರ್?" ನಮ್ಮ ಕಡೆ ಹಳೇ ಮನೆಗಳ ಹೊಸ್ತಿಲು ಎತ್ತರ, ಬಾಗಿಲು ಕಿರಿದು. ಬಚ್ಚಲು, ಕಕ್ಕಸು ಎರಡೂ ಹಿತ್ತಲಲ್ಲಿ. ಅಂಥ ಮನೆಗೆ ವೀಲ್‌ಚೇರ್ ಹೋದರೆ ಜಗುಲಿ ಮೇಲೇ ನಿಲ್ಲುತ್ತದೆ. ಅದೇ ಮನೆಗೆ ಒಂದು ಕಮೋಡ್ ಕುರ್ಚಿ ಕೊಡಿ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿಸಿ. ಮಂಚದಿಂದ ಹಿತ್ತಲ ಬಾಗಿಲವರೆಗೆ ರಾತ್ರಿ ಬೆಳಕು ಇರುವ ಹಾಗೆ ಎರಡು ಬಲ್ಬು ಹಾಕಿಸಿ. ಅಜ್ಜ ಬೀಳುವ ಭಯ ಎಷ್ಟೋ ಕಡಿಮೆ ಆಗುತ್ತದೆ. ವಯಸ್ಸಾದವರ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ನಡೆಯುವುದಿಲ್ಲ. ನಾನು ವಾರ್ಡಿನಲ್ಲಿ ಅದನ್ನು ಬೇಕಾದಷ್ಟು ನೋಡಿದ್ದೇನೆ.

ಆದ್ದರಿಂದ ದುಡ್ಡು ಎಷ್ಟೇ ಇರಲಿ, ಮೊದಲ ಕೆಲಸ ನಿಮ್ಮ ಊರಿನ ಆಶಾ ಕಾರ್ಯಕರ್ತೆ ಜೊತೆ ಒಂದು ಬೆಳಿಗ್ಗೆ ಓಡಾಡುವುದು. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಮಾತ್ರೆ ಕೊಡುವವರಿಲ್ಲ, ಯಾರ ಮಕ್ಕಳು ಬೆಂಗಳೂರು ಸೇರಿಕೊಂಡಿದ್ದಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಹೋದಾಗ ಫೋಟೋ ತೆಗೆಯಬೇಡಿ. ಸುಮ್ನೆ ಕೂತು ಮಾತಾಡಿಸಿ.

ಸರ್ಕಾರ ಕೊಡುವುದನ್ನು ನೀವು ಕೊಳ್ಳಬೇಡಿ

ಇದು ನಾನು ಎಲ್ಲರಿಗೂ ಹೇಳುವ ಮಾತು. ಹಿರಿಯರಿಗೆ ಯೋಜನೆಗಳು ಕಡಿಮೆ ಇಲ್ಲ. 2010ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ 10 ಹಾಸಿಗೆಯ ಪ್ರತ್ಯೇಕ ವಾರ್ಡ್, ಹಿರಿಯರ ಒಪಿಡಿ, ಫಿಸಿಯೋಥೆರಪಿ ಇರಬೇಕು ಎಂದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಮಾತ್ರೆ ಉಚಿತ. 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಅದರಲ್ಲಿ ಬಡ ಹಿರಿಯರಿಗೆ ಊರುಗೋಲು, ವಾಕರ್, ಕಿವಿ ಯಂತ್ರ, ಕನ್ನಡಕ, ಹಲ್ಲಿನ ಸೆಟ್, ವೀಲ್‌ಚೇರ್ ಸಿಗುತ್ತವೆ. 2018ರ ಆಯುಷ್ಮಾನ್ ಭಾರತ್‌ನಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆದಾಯ ನೋಡದೆ 70 ದಾಟಿದ ಎಲ್ಲರಿಗೂ ಅದನ್ನು ವಿಸ್ತರಿಸಿತು. 2023ರಿಂದ ಶಕ್ತಿ ಯೋಜನೆಯಲ್ಲಿ ಅಜ್ಜಿಯರಿಗೆ ಸರ್ಕಾರಿ ಬಸ್ ಕೂಡ ಉಚಿತ.

ಹಾಗಾದರೆ ದಾನಿ ಯಾಕೆ ಬೇಕು? ಒಬ್ಬ ಅಜ್ಜಿಯ ದಿನ ನೋಡಿ. ಮಾತ್ರೆ ಉಚಿತ. ಬಸ್ಸೂ ಉಚಿತ. ಆದರೆ ತೋಟದ ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಎರಡು ಕಿಲೋಮೀಟರ್. ಮಂಡಿ ನೋವು. ಆಟೋ ಕರೆದರೆ ನೂರೈವತ್ತು ಕೇಳುತ್ತಾರೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬಿಪಿ ಮಾತ್ರೆ ಖಾಲಿ, ಮುಂದಿನ ವಾರ ಬನ್ನಿ ಎನ್ನುತ್ತಾರೆ. ಮುಂದಿನ ವಾರ ಅವರು ಹೋಗುವುದಿಲ್ಲ. "ಮಾತ್ರೆ ನುಂಗದೇ ಇದ್ರೂ ಏನೂ ಆಗ್ಲಿಲ್ಲ ಕಣಮ್ಮ" ಎನ್ನುತ್ತಾರೆ. ಒಂದು ದಿನ ಲಕ್ವ ಹೊಡೆಯುತ್ತದೆ. ಆಗ ಬರುವುದು ಐದು ಲಕ್ಷದ ಕಾರ್ಡು. ಆ ಕಾರ್ಡು ಅಡ್ಮಿಟ್ ಆದವರಿಗೆ. ದಿನದ ಮಾತ್ರೆಗೆ, ಒಪಿಡಿಗೆ, ಮನೆಯಲ್ಲಿ ನೋಡಿಕೊಳ್ಳುವವರ ಕೂಲಿಗೆ ಅದು ಬರುವುದಿಲ್ಲ. 2008ರಿಂದ 108 ಆಂಬುಲೆನ್ಸ್ ಇದೆ. ಅದು ತುರ್ತು ಇದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತದೆ. ವಾಪಸ್ ಮನೆಗೆ ಬಿಡುವವರು ಯಾರು?

ಯೋಜನೆ ಒಂದು ಕಡೆ, ಅಜ್ಜಿಯ ಮಂಚ ಇನ್ನೊಂದು ಕಡೆ. ನಡುವೆ ಇರುವ ದೂರಕ್ಕೆ ಅಂತ ಯಾವ ಇಲಾಖೆಯೂ ದುಡ್ಡು ತೆಗೆದಿಟ್ಟಿಲ್ಲ. ನಿಮ್ಮ ದುಡ್ಡು ಅಲ್ಲಿಗೆ ಬೇಕು.

ತಿಂಗಳಿಗೆ ಐನೂರು, ಸಾವಿರ ಕೊಡುವವರಿಗೆ

ಸಣ್ಣ ಮೊತ್ತ ಎಂದು ಹಿಂಜರಿಯಬೇಡಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ ನನ್ನ ಕೆಲಸಕ್ಕೆ ಜಾಸ್ತಿ ಉಪಯೋಗ. ಅದನ್ನು ನಂಬಿ ನಾನು ಒಬ್ಬರಿಗೆ ಮಾತು ಕೊಡಬಹುದು.

ನಾಲ್ಕೈದು ಜನ ಸೇರಿ ವಾರಕ್ಕೊಂದು ದಿನ ಒಂದು ಆಟೋ ಗೊತ್ತು ಮಾಡಿ. ಆರೋಗ್ಯ ಕೇಂದ್ರದಲ್ಲಿ ಬಿಪಿ ಶುಗರ್ ನೋಡುವ ದಿನ ಯಾವುದು ಎಂದು ಕೇಳಿ, ಅದೇ ದಿನ ಮಾಡಿ. ಡ್ರೈವರ್ ಅದೇ ಊರಿನವರಾಗಿರಲಿ. ಹತ್ತಿಸಿ ಇಳಿಸುವಾಗ ಕೈ ಹಿಡಿಯಬೇಕು, ಚೀಟಿ ಜೋಪಾನವಾಗಿ ವಾಪಸ್ ತರಬೇಕು. ಅಲ್ಲಿ ಮಾತ್ರೆ ಖಾಲಿ ಆದ ತಿಂಗಳು ಜನೌಷಧಿ ಅಂಗಡಿಯಿಂದ ತಂದುಕೊಡಲು ಸ್ವಲ್ಪ ದುಡ್ಡು ಕೈಯಲ್ಲಿರಲಿ. ಹೀಗೆ ಮಾಡಿದರೆ ಮಾತ್ರೆ ತಪ್ಪುವುದಿಲ್ಲ. ಮಾತ್ರೆ ತಪ್ಪದಿದ್ದರೆ ಲಕ್ವ ಹೊಡೆಯುವ ಭಯ ಕಡಿಮೆ.

ಕಿವಿ ಯಂತ್ರದ ಮಾತೂ ಹೇಳಬೇಕು. ಕ್ಯಾಂಪಿನಲ್ಲಿ ಯಂತ್ರ ಕೊಟ್ಟು ಕಳಿಸುತ್ತಾರೆ. ಅದರ ಗುಂಡಿ ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ. ಹಳ್ಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಯಂತ್ರ ಟ್ರಂಕು ಸೇರುತ್ತದೆ, ಅಜ್ಜ ಮತ್ತೆ ಮಾತು ಕೇಳಿಸದೆ ಒಬ್ಬರೇ ಮೂಲೆಯಲ್ಲಿ ಕೂರುತ್ತಾರೆ. ಒಂದು ವರ್ಷದ ಬ್ಯಾಟರಿ, ಯಂತ್ರ ಹೊಂದಿಸಿ ಕೊಡುವವರು ಎರಡು ಸಲ ಬಂದು ನೋಡುವ ಖರ್ಚು, ಇದನ್ನು ಕೊಡುವ ದಾನಿ ನನಗೆ ಬಹಳ ಬೇಕಾದವರು. ಗ್ಲುಕೋಮೀಟರ್ ಕೊಡುವವರು ಸ್ಟ್ರಿಪ್ ಸಹ ಕೊಡಬೇಕು. ಯಂತ್ರ ಒಂದು ಸಲ ಕೊಂಡರೆ ಆಯಿತು, ಸ್ಟ್ರಿಪ್ ಪ್ರತಿ ತಿಂಗಳೂ ಬೇಕು.

ಕಣ್ಣಿನ ಕ್ಯಾಂಪ್ ಮಾಡುವವರಿಗೆ

ಕರ್ನಾಟಕದಲ್ಲಿ ಕಣ್ಣಿನ ದಾನಕಾರ್ಯಕ್ಕೆ ದೊಡ್ಡ ಹಾದಿ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರು ತಿರುಗಿ ಪೊರೆ ಆಪರೇಷನ್ ಮಾಡಿದರು. ವೈದ್ಯರೇ ರೋಗಿಯ ಊರಿಗೆ ಬರಬೇಕು ಎಂಬುದನ್ನು ಅವರು ಮಾಡಿ ತೋರಿಸಿದರು. ಈಗ ಆಪರೇಷನ್ ಆಸ್ಪತ್ರೆಯಲ್ಲೇ ಆಗಬೇಕು, ಸೋಂಕಿನ ದೃಷ್ಟಿಯಿಂದ ಅದೇ ಸರಿ. ಕ್ಯಾಂಪಿನಲ್ಲಿ ತಪಾಸಣೆ ಮಾಡಿ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ.

ಆಪರೇಷನ್ ಖರ್ಚನ್ನು ಹೊರುವ ಒಳ್ಳೆಯ ಆಸ್ಪತ್ರೆಗಳು ಇವೆ. ನೀವು ಅದರ ಹಿಂದೆ ಮುಂದೆ ಇರುವುದನ್ನು ನೋಡಿ. ಹೆಸರು ಬರೆಸಿದವರಲ್ಲಿ ಎಷ್ಟೋ ಜನ ಬಸ್ ಹತ್ತುವುದೇ ಇಲ್ಲ. ಕಾರಣ ಕೇಳಿದ್ದೇನೆ. ಒಬ್ಬರಿಗೆ ಹಸು ಕರೆಯುವವರಿಲ್ಲ. ಇನ್ನೊಬ್ಬರಿಗೆ ಮನೆಯಲ್ಲಿ ಕಾಯಿಲೆಯ ಯಜಮಾನರಿದ್ದಾರೆ, ಅವರನ್ನು ಬಿಟ್ಟು ಬರುವ ಹಾಗಿಲ್ಲ. ಮತ್ತೊಬ್ಬರಿಗೆ ಶುಗರ್ ಜಾಸ್ತಿ, ಅದು ಇಳಿಯುವವರೆಗೆ ಆಪರೇಷನ್ ಮಾಡುವುದಿಲ್ಲ ಎಂದರು, ಆಮೇಲೆ ಯಾರೂ ಕರೆಯಲಿಲ್ಲ. ಎರಡು ದಿನ ಹಸು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಕೂಲಿ ಕೊಟ್ಟರೆ ಒಂದು ಕಣ್ಣು ಕಾಣುತ್ತದೆ. ಆಪರೇಷನ್ ಆದಮೇಲೆ ಕೆಲವು ವಾರ ಕಣ್ಣಿಗೆ ಡ್ರಾಪ್ಸ್ ಹಾಕಬೇಕು. ಒಂಟಿಯಾಗಿರುವವರ ಕೈ ನಡುಗುತ್ತದೆ, ಹನಿ ಕೆನ್ನೆ ಮೇಲೆ ಬೀಳುತ್ತದೆ. ಡ್ರಾಪ್ಸ್ ಹಾಕಿ ಬರಲು ಓಣಿಗೊಬ್ಬ ಹುಡುಗಿಯನ್ನು ಗೊತ್ತು ಮಾಡಿ, ಅವಳಿಗೆ ಗೌರವಧನ ಕೊಡಿ.

ಒಟ್ಟಾರೆ ಕ್ಯಾಂಪ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಶಾಮಿಯಾನ ಹಾಕಿ, ಬಿಪಿ ನೋಡಿ, ಚೀಟಿಯಲ್ಲಿ 180 ಎಂದು ಬರೆದು ಕಳಿಸಿದರೆ ಆ ಅಜ್ಜಿಗೆ ಭಯ ಬಿಟ್ಟು ಬೇರೇನೂ ಸಿಗಲಿಲ್ಲ. ಕ್ಯಾಂಪಿಗೆ ಇಟ್ಟ ದುಡ್ಡಿನಲ್ಲಿ ಅರ್ಧ ಆಮೇಲಿನ ಆರು ತಿಂಗಳಿಗೆ ಇಡಿ. ಅಷ್ಟು ಇಡಲು ಆಗದಿದ್ದರೆ ಕ್ಯಾಂಪ್ ಮಾಡಬೇಡಿ.

ಲಕ್ಷ ರೂಪಾಯಿ ಇದ್ದರೆ: ಒಬ್ಬ ನರ್ಸ್‌ನ ಸಂಬಳ

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದಕ್ಕೆ ದಾನಿ ಸಿಗುವುದೇ ಕಷ್ಟ.

ಕಟ್ಟಡಕ್ಕೆ ದುಡ್ಡು ಸಿಗುತ್ತದೆ. ವ್ಯಾನಿಗೆ ಸಿಗುತ್ತದೆ. ವ್ಯಾನಿನಲ್ಲಿ ಕೂತು ಹೋಗುವವರ ಸಂಬಳಕ್ಕೆ ಸಿಗುವುದಿಲ್ಲ. "ನಮ್ಮ ದುಡ್ಡು ಸಂಬಳಕ್ಕೆ ಹೋಗೋದು ಬೇಡ ಸಿಸ್ಟರ್, ನೇರವಾಗಿ ಬಡವರಿಗೆ ಹೋಗ್ಲಿ" ಎನ್ನುತ್ತಾರೆ. ಹಾಸಿಗೆ ಹಿಡಿದ ಬಡವರಿಗೆ ನೇರವಾಗಿ ತಲುಪುವುದು ನರ್ಸ್‌ನ ಕೈ ಅಲ್ವಾ? ಲಕ್ವ ಹೊಡೆದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲದಿದ್ದರೆ ಬೆನ್ನ ಕೆಳಗೆ ಹುಣ್ಣಾಗುತ್ತದೆ, ಮೂಳೆ ಕಾಣುವಷ್ಟು ಆಳಕ್ಕೆ ಹೋಗುತ್ತದೆ. ಗಾಳಿ ಹಾಸಿಗೆ ಕೊಟ್ಟರೆ ಒಳ್ಳೆಯದೇ. ಆದರೆ ಅದರ ಪಂಪಿಗೆ ಕರೆಂಟ್ ಬೇಕು, ಬೇಸಿಗೆಯಲ್ಲಿ ಕರೆಂಟ್ ಹೋಗುತ್ತಿರುತ್ತದೆ. ಹಾಸಿಗೆ ಇದ್ದರೂ ಹೊರಳಿಸುವುದು ತಪ್ಪುವುದಿಲ್ಲ. ಸೊಸೆಗೆ ಇದನ್ನು ಕಲಿಸಿಕೊಡುವವರು ಬೇಕು. ಪಕ್ಕದಲ್ಲಿ ಕೂತು, ಮೊಣಕಾಲ ನಡುವೆ ದಿಂಬು ಹೇಗೆ ಇಡಬೇಕು, ಉಗುರು ಬೆಚ್ಚಗಿನ ನೀರಲ್ಲಿ ಹೇಗೆ ಒರೆಸಬೇಕು ಎಂದು ತೋರಿಸಬೇಕು.

ನಮ್ಮಂಥ ತಾಲ್ಲೂಕಿನಲ್ಲಿ ಮನೆಮನೆಗೆ ಹೋಗುವ ನರ್ಸ್‌ಗೆ ತಿಂಗಳಿಗೆ ಸುಮಾರು 20,000 ರೂಪಾಯಿ ಬೇಕು. ತಿಂಗಳಿಗೆ ಎರಡು ಸಾವಿರ ಕೊಡುವ ಹತ್ತು ಮನೆಯವರು ಸೇರಿದರೆ ಒಬ್ಬ ನರ್ಸ್. ನಿಮ್ಮ ಒಂದು ಲಕ್ಷ ಐದು ತಿಂಗಳು ಬರುತ್ತದೆ. ಅಷ್ಟರಲ್ಲಿ ಉಳಿದವರನ್ನು ಒಟ್ಟು ಮಾಡಲು ನಮಗೆ ಸಮಯ ಸಿಗುತ್ತದೆ.

ಇದು ಆಗುವ ಕೆಲಸ ಎಂದು ಪಕ್ಕದ ಕೇರಳ ತೋರಿಸಿದೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಜೊತೆಯವರು ನೋವು ಶಮನದ ಸಂಸ್ಥೆ ಕಟ್ಟಿದರು. ಆಮೇಲೆ ಮಲಪ್ಪುರಂ ಕಡೆ ಊರಿನ ಜನರೇ ಸೇರಿಕೊಂಡರು. ಸಣ್ಣ ಸಣ್ಣ ದೇಣಿಗೆ ಕೂಡಿಸಿ ಮನೆಮನೆಗೆ ಹೋಗುವ ನರ್ಸ್‌ಗಳನ್ನು ಇಟ್ಟರು, ತಾವೂ ಕಲಿತು ಜೊತೆಗೆ ಹೋದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೆ ನೀತಿಯನ್ನೇ ತಂದಿತು. ಮೊದಲು ಊರಿನವರ ದುಡ್ಡು, ಆಮೇಲೆ ಪಂಚಾಯಿತಿಯ ದುಡ್ಡು. ಒಂದು ಕೆಲಸ ನಡೆಯುತ್ತದೆ ಎಂದು ದಾನದ ದುಡ್ಡಿನಲ್ಲಿ ತೋರಿಸಿ, ಆಮೇಲೆ ಸರ್ಕಾರದ ಹೆಗಲಿಗೆ ಕೊಡುವ ಈ ದಾರಿ ನನಗೆ ಬಹಳ ಇಷ್ಟ. ನಮ್ಮಲ್ಲೂ ಬೆಂಗಳೂರಿನ ಕರುಣಾಶ್ರಯ ದಾನದ ದುಡ್ಡಿನಲ್ಲೇ ಕ್ಯಾನ್ಸರ್ ಕೊನೇ ಹಂತದವರಿಗೆ ಉಚಿತ ಆರೈಕೆ ಕೊಡುತ್ತಿದೆ. ದೊಡ್ಡ ಮೊತ್ತ ಕೊಡುವ ಯೋಚನೆ ಇದ್ದರೆ ಅಂಥ ಒಂದು ಜಾಗಕ್ಕೆ ಹೋಗಿ ಒಂದು ದಿನ ಇದ್ದು ನೋಡಿ.

ನೋಡಿಕೊಳ್ಳುವವರನ್ನು ಮರೆಯಬೇಡಿ

ನೆನಪು ಕಳೆದುಕೊಂಡವರ ಮನೆ ಬೇರೆಯೇ ಕಷ್ಟ. ಅರಳು ಮರಳು, ವಯಸ್ಸಾಯ್ತು ಎಂದು ಬಿಟ್ಟುಬಿಡುತ್ತಾರೆ, ಡಾಕ್ಟರ್ ಹತ್ತಿರ ತೋರಿಸುವುದಿಲ್ಲ. ರಾತ್ರಿ ಎದ್ದು ಬಾಗಿಲು ತೆಗೆದು ಹೊರಟುಬಿಡುತ್ತಾರೆ. ಅವರ ಹಿಂದೆ ಓಡುವ ಮಗಳೋ ಸೊಸೆಯೋ ನಿದ್ದೆ ಕೆಟ್ಟು ತಾನೇ ರೋಗಿ ಆಗುತ್ತಾಳೆ. ಅವಳಿಗೆ ವಾರದಲ್ಲಿ ಎರಡು ಮಧ್ಯಾಹ್ನ ಬಿಡುವು ಕೊಡಿಸಿ. ತರಬೇತಿ ಪಡೆದ ಒಬ್ಬಾಕೆ ನಾಲ್ಕು ಗಂಟೆ ಬಂದು ಕೂತರೆ ಸಾಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಮರೆವಿನ ಕಾಯಿಲೆಗೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕೆಲಸ ಮಾಡುತ್ತದೆ. ತಾಲ್ಲೂಕು ಮಟ್ಟದಲ್ಲಿ ಅಂಥ ಸೌಕರ್ಯ ತೀರಾ ಕಡಿಮೆ. ಹತ್ತನೇ ತರಗತಿ ಮುಗಿಸಿ ಗಾರ್ಮೆಂಟ್ಸ್‌ಗೆ ಹೊರಡುವ ಹುಡುಗಿಯರಲ್ಲಿ ಕೆಲವರಿಗೆ ಮನೆ ಆರೈಕೆಯ ತರಬೇತಿ ಕೊಡಿಸಿದರೆ ಅವರಿಗೆ ಊರಲ್ಲೇ ಕೆಲಸ, ಹಿರಿಯರಿಗೆ ಕೈಗೆ ಸಿಗುವ ಸಹಾಯ.

ಅಮೆರಿಕದಲ್ಲಿ ಜಾನ್ ಎ. ಹಾರ್ಟ್‌ಫರ್ಡ್ ಪ್ರತಿಷ್ಠಾನ ಎಂದಿದೆ. ಕಿರಾಣಿ ವ್ಯಾಪಾರದಲ್ಲಿ ಬಂದ ದುಡ್ಡಿನಿಂದ 1929ರಲ್ಲಿ ಶುರುವಾಗಿದ್ದು. ಅವರು ಬೆಂಬಲ ಕೊಟ್ಟ ಒಂದು ಕಾರ್ಯಕ್ರಮದಲ್ಲಿ ಹಿರಿಯರು ಆಸ್ಪತ್ರೆಗೆ ಬಂದಾಗೆಲ್ಲ ನಾಲ್ಕು ವಿಷಯ ನೋಡಿ ಎನ್ನುತ್ತಾರೆ: ಅವರಿಗೆ ಯಾವುದು ಮುಖ್ಯ, ಯಾವ ಮಾತ್ರೆ ನುಂಗುತ್ತಿದ್ದಾರೆ, ಮನಸ್ಸು ನೆನಪು ಹೇಗಿದೆ, ಓಡಾಟ ಹೇಗಿದೆ. ನಾನು ಮನೆಗೆ ಹೋದಾಗ ಇದೇ ನಾಲ್ಕನ್ನು ಕೇಳುತ್ತೇನೆ. ಮಾತ್ರೆ ಚೀಲ ಸುರಿಸಿ ನೋಡಿದರೆ ಒಂದೇ ಬಿಪಿ ಮಾತ್ರೆ ಎರಡು ಕಂಪನಿಯ ಹೆಸರಲ್ಲಿ ಇರುತ್ತದೆ. ಯಾವಾಗಲೋ ಕೊಟ್ಟ ನಿದ್ದೆ ಮಾತ್ರೆ ಇನ್ನೂ ನಡೆಯುತ್ತಿರುತ್ತದೆ, ಬೀಳುವುದಕ್ಕೆ ಅದೂ ಒಂದು ಕಾರಣ. ಹಾಗೆಂದು ನಾವೇ ನಿಲ್ಲಿಸುವ ಹಾಗಿಲ್ಲ. ತಿಂಗಳಿಗೊಮ್ಮೆ ಒಬ್ಬ ಡಾಕ್ಟರ್ ಊರಿಗೆ ಬಂದು ಎಲ್ಲರ ಮಾತ್ರೆ ಚೀಲ ನೋಡುವ ಏರ್ಪಾಡಿಗೆ ದುಡ್ಡು ಕೊಡಿ. ಯಂತ್ರ ಬೇಡ, ಕಟ್ಟಡ ಬೇಡ, ಒಂದು ಮೇಜು ಕುರ್ಚಿ ಸಾಕು.

ವೃದ್ಧಾಶ್ರಮದಲ್ಲಿ ಹುಟ್ಟುಹಬ್ಬ ಮಾಡುವವರಿಗೂ ಒಂದು ಮಾತು. ಒಂದು ದಿನದ ಊಟಕ್ಕೆ ಹೋಳಿಗೆ, ಜಾಮೂನು ಹಾಕಿಸುತ್ತೀರಿ. ತಿಂಗಳಲ್ಲಿ ಎಷ್ಟೋ ದಿನ ಯಾರದೋ ಹುಟ್ಟುಹಬ್ಬ ಇರುತ್ತದೆ. ಅಲ್ಲಿರುವವರಲ್ಲಿ ಹಲವರಿಗೆ ಶುಗರ್. ಬೇಡ ಎನ್ನಲು ಅವರಿಗೆ ಸಂಕೋಚ. ಸಿಹಿಯ ಬದಲು ಮೊಟ್ಟೆ, ಹೆಸರುಕಾಳು, ಹಣ್ಣು ಕೊಡಬಹುದು. ಇಲ್ಲವೇ ಆ ದುಡ್ಡಿಗೆ ಎಲ್ಲರ ಹಲ್ಲು ನೋಡಿಸಬಹುದು. ಹಲ್ಲಿಲ್ಲದೆ ಬರೀ ಗಂಜಿ ಕುಡಿದು ಸೊರಗಿದವರು ಬಹಳ ಜನ ಇದ್ದಾರೆ.

ದುಡ್ಡು ಕೊಡುವಾಗ ನೋಡಬೇಕಾದ ಕಾಗದ ಪತ್ರ

ಸರ್ಕಾರಿ ಆಸ್ಪತ್ರೆಗೆ ಕೊಡುವುದಾದರೆ ಯಾರ ಕೈಗೂ ನಗದು ಕೊಡಬೇಡಿ. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರ ಮೂಲಕ ಕೊಡಿ, ರಸೀದಿ ತೆಗೆದುಕೊಳ್ಳಿ. ವಸ್ತು ಕೊಟ್ಟರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆಸಿ. ಕೊಡುವ ಮುಂಚೆ ಅಲ್ಲಿನ ನರ್ಸ್‌ಗಳನ್ನೂ ಕೇಳಿ, ಏನು ಕೆಟ್ಟು ನಿಂತಿದೆ ಎಂದು. ಹೊಸ ಯಂತ್ರಕ್ಕಿಂತ ಹಳೆಯದರ ರಿಪೇರಿಗೆ ಎಷ್ಟೋ ಕಡಿಮೆ ಸಾಕಾಗುತ್ತದೆ.

ಟ್ರಸ್ಟಿಗೆ ಕೊಡುವುದಾದರೆ ನೋಂದಣಿ, ಜನ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆ ಇಲಾಖೆಯ ಮಾನ್ಯತೆ, ಆಡಿಟ್ ಆದ ಲೆಕ್ಕ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವವರಿಗೆ ಕೊಡಬೇಡಿ. 80ಜಿ ಎನ್ನುವ, ದಾನಿಗೆ ಸಿಗುವ ತೆರಿಗೆ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ. ವಸ್ತು ರೂಪದಲ್ಲಿ ಕೊಟ್ಟದ್ದಕ್ಕೂ ಇಲ್ಲ. ವೀಲ್‌ಚೇರ್ ಕೊಂಡು ಕೊಟ್ಟು, ಬಿಲ್ ಹಿಡಿದು ರಸೀದಿ ಕೇಳುವವರು ಇದನ್ನು ತಿಳಿದಿರಬೇಕು.

ವಿದೇಶದಲ್ಲಿರುವ ನಮ್ಮವರು ಇದನ್ನು ಗಮನಿಸಿ. ನಿಮ್ಮ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದರೆ, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ದುಡ್ಡು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು. ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಸಣ್ಣ ಟ್ರಸ್ಟ್‌ಗಳಿಗೆ ಆ ಅನುಮತಿ ಸಾಮಾನ್ಯವಾಗಿ ಇರುವುದಿಲ್ಲ. ಸುಮ್ನೆ ಕಳಿಸಿ ಅವರನ್ನು ತೊಂದರೆಗೆ ಸಿಕ್ಕಿಸಬೇಡಿ, ಮೊದಲು ಕೇಳಿ.

ಕಂಪನಿಯಲ್ಲಿ ಕೆಲಸ ಮಾಡುವವರು ಸಿಎಸ್ಆರ್ ವಿಭಾಗಕ್ಕೆ, ಅಂದರೆ ಕಂಪನಿಯ ಸಮಾಜ ಸೇವೆಯ ದುಡ್ಡು ನೋಡಿಕೊಳ್ಳುವವರಿಗೆ, ಈ ಕೆಲಸ ತೋರಿಸಿ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಆರೋಗ್ಯ ಸೇವೆಯೂ ಇದೆ, ಹಿರಿಯರ ಡೇ ಕೇರ್ ಕೇಂದ್ರವೂ ಇದೆ. ಟ್ರಸ್ಟ್‌ಗೆ ಈ ದುಡ್ಡು ಪಡೆಯಲು ಬೇಕಾದ ಸಿಎಸ್ಆರ್-1 ನೋಂದಣಿ ಇರಬೇಕು. ಒಂದು ವರ್ಷಕ್ಕೆ ಕೊಟ್ಟು ನಿಲ್ಲಿಸುವುದಾದರೆ ಮನೆ ಆರೈಕೆಗೆ ಕೊಡಬೇಡಿ ಎಂದು ನಾನು ನೇರವಾಗಿ ಹೇಳುತ್ತೇನೆ. ನರ್ಸ್ ಬರುತ್ತಾಳೆ ಎಂದು ಕಾಯುವವರಿಗೆ ಮಧ್ಯದಲ್ಲಿ ನಿಂತುಹೋಗುವುದು ಬಹಳ ನೋವು. ಮೂರು ವರ್ಷಕ್ಕೆ ಒಪ್ಪಿಕೊಳ್ಳಿ, ಇಲ್ಲವೇ ಆ ದುಡ್ಡನ್ನು ತರಬೇತಿಗೆ, ಬಚ್ಚಲ ಕಂಬಿಗೆ, ಕನ್ನಡಕಕ್ಕೆ ಹಾಕಿ.

ಕೊಟ್ಟ ಮೇಲೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳಿ. ಎಷ್ಟು ಜನಕ್ಕೆ ಕೊಟ್ಟಿರಿ ಎಂದು ಮಾತ್ರ ಕೇಳಬೇಡಿ. ಬಿಪಿ ಎಷ್ಟು ಜನರದ್ದು ಹತೋಟಿಗೆ ಬಂತು, ಯಾರಾದರೂ ಬಿದ್ದರಾ, ಕೊಟ್ಟ ಕಿವಿ ಯಂತ್ರ ಇನ್ನೂ ಕಿವಿಯಲ್ಲಿದೆಯಾ, ಹಾಸಿಗೆ ಹುಣ್ಣು ಮಾಯಿತಾ ಎಂದು ಕೇಳಿ. ಕೆಲವು ಉತ್ತರ ನಿಮಗೆ ಹಿಡಿಸುವುದಿಲ್ಲ. ಹುಣ್ಣು ಮಾಯಲಿಲ್ಲ, ಅಜ್ಜ ತೀರಿಕೊಂಡರು ಎನ್ನಬಹುದು. ಅದನ್ನು ಹೇಳುವ ಟ್ರಸ್ಟಿಗೇ ಮುಂದಿನ ವರ್ಷವೂ ಕೊಡಿ. ಶುರು ಮಾಡಲು ಊರಿನಲ್ಲಿ ಯಾರ ಪರಿಚಯವೂ ಇಲ್ಲದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ನಿಮ್ಮ ಜಿಲ್ಲೆಯಲ್ಲಿ ಹಿರಿಯರಿಗಾಗಿ ಕೆಲಸ ಮಾಡುವವರು ಯಾರು ಎಂದು ವಿಚಾರಿಸಿ.